ನ್ಯಾನೊ ಕಾರ್ಬನ್ ದೋಟಿ: ಎರಡು ಮಳೆಗಾಲ ಬಳಸಿದ ಮೇಲೆ ಬರೀತಿರೋ ರಿವ್ಯೂ

ಔಷಧಿ ಹೊಡೆಯೋ ಸೀಸನ್ ಹತ್ರ ಬರ್ತಿದೆ, ದೋಟಿ (ನೆಲದಲ್ಲೇ ನಿಂತು ಎತ್ತರದ ಅಡಿಕೆ ಮರಕ್ಕೆ ಔಷಧಿ ಹೊಡೆಯೋಕೆ, ಗೊನೆ ಕೊಯ್ಯೋಕೆ ಬಳಸೋ ಉದ್ದನೆ ಕೋಲು) ತಗೊಳ್ಳೋರು ಬೇರೆ ಬೇರೆ ಅಂಗಡಿ ಸುತ್ತುತಿದ್ದೀರಿ, ಅದಕ್ಕೆ ತೀರ್ಪು ಮೊದ್ಲೇ ಹೇಳ್ಬಿಡ್ತೀನಿ. ಕಾರ್ಬನ್ ಫೈಬರ್ ದೋಟಿ ಅಡಿಕೆ ತೋಟ ಇರೋರಿಗೆ ಖಂಡಿತ ಬೇಕು, ಕಣ್ಣು ಮುಚ್ಚಿ ತಗೊಳ್ಳಿ. ಅದರ ಮೇಲೆ "ನ್ಯಾನೊ" ಅಂತ ಸ್ಟಿಕರ್ ಅಂಟಿಸಿ ಒಂಬತ್ತು ಸಾವಿರ ಜಾಸ್ತಿ ತಗೊಳ್ತಾರಲ್ಲ, ಅದಕ್ಕೆ ಅರ್ಧ ಮನಸ್ಸಿಂದ ಹೂಂ ಅಂತೀನಿ. ಅದು ಸುಳ್ಳಲ್ಲ, ಉಪಯೋಗ ಇದೆ, ಆದ್ರೆ ಅಂಗಡಿಯೋರು ಹೇಳೋ ಜಾಗದಲ್ಲಿ ಇಲ್ಲ, ಬೇರೆ ಜಾಗದಲ್ಲಿದೆ. ದೋಟಿ ಕಮ್ಮಿ ಬಾಗುತ್ತೆ, ತೂಕ ಕಮ್ಮಿ ಅಂತ ನ್ಯಾನೊ ತಗೊಂಡ್ರೆ ದುಡ್ಡು ವೇಸ್ಟು. ಪೈಪಿನ ಬಾಯಿ ಸೀಳಬಾರದು, ನಾಕು ವರ್ಷ ಜಾಸ್ತಿ ಬರ್ಲಿ ಅಂತ ತಗೊಂಡ್ರೆ ಅರ್ಥ ಇದೆ. ಯಾಕೆ ಅಂತ ಕೆಳಗೆ ಬಿಡಿಸಿ ಬರ್ದಿದೀನಿ, ಸ್ವಲ್ಪ ಉದ್ದ ಆಗಿದೆ, ಆದ್ರೆ ಮಧ್ಯದಲ್ಲಿ ಕರೆಂಟ್ ಲೈನ್ ವಿಷ್ಯ ಬರ್ದಿದೀನಲ್ಲ, ಬೇರೆ ಏನು ಓದದಿದ್ರೂ ಅದೊಂದು ಓದಿ.

ನಮ್ದು ಕೊಪ್ಪ ಕಡೆ, ಅಡಿಕೆ ಜೊತೆ ಸ್ವಲ್ಪ ಕಾಫಿ, ಮೆಣಸು. ನಾನು ಮೈಸೂರಲ್ಲಿ ಪಾಲಿಮರ್ ಓದಿ ಕೆಲವು ವರ್ಷ ಒಂದು ಟೈರ್ ಕಂಪನಿಯ ಲ್ಯಾಬಲ್ಲಿದ್ದು ಆಮೇಲೆ ತೋಟಕ್ಕೆ ವಾಪಸ್ ಬಂದೋನು, ಹಾಗಾಗಿ ಈ ಥರದ ಸ್ಟಿಕರ್ ನೋಡಿದ್ರೆ ಸುಮ್ನೆ ಇರಕ್ಕಾಗಲ್ಲ, ಒಳಗೇನಿದೆ ಅಂತ ಕೇಳ್ಲೇಬೇಕು.

ತಗೊಂಡಿದ್ದು ಚಿಕ್ಕಮಗಳೂರಲ್ಲಿ, ಐಜಿ ರೋಡ್ ಆಸುಪಾಸಿನ ಒಂದು ಕೃಷಿ ಸಾಮಾನಿನ ಅಂಗಡಿಯಲ್ಲಿ. ಹೆಸರು ಹಾಕಲ್ಲ, ಕಂಪನಿ ಹೆಸರೂ ಹಾಕಲ್ಲ, ಯಾಕಂದ್ರೆ ಇಂಥ ದೋಟಿ ಈಗ ಸುಮಾರು ಜನ ಮಾರ್ತಿದ್ದಾರೆ, ನಾನು ಹೇಳೋದು ಎಲ್ಲದಕ್ಕೂ ಹೆಚ್ಚುಕಮ್ಮಿ ಹೊಂದುತ್ತೆ. 60 ಅಡಿದು, ಒಂದರೊಳಗೊಂದು ಸೇರೋ ಪೈಪುಗಳು, ಪ್ರತಿ ಜಾಯಿಂಟಿಗೆ ಅಲ್ಯೂಮಿನಿಯಂ ಕ್ಲಾಂಪು. ನಮ್ಮನೆ ತಕ್ಕಡೀಲಿ ತೂಗಿದ್ರೆ ಆರು ಕೆಜಿ ಆಸುಪಾಸು ಬಂತು. ಅಂಗಡಿಯ ಹುಡುಗ ಮಾತಾಡೋದ್ರಲ್ಲಿ ಒಳ್ಳೇವ್ನು, ಬಿಸಿಲಲ್ಲಿ ಹೊರಗೆ ತಂದು ಪೂರ್ತಿ ಎತ್ತಿ ತೋರಿಸ್ದ, ಅದು ಮೆಚ್ಚುಗೆ ಆಯ್ತು. ಆದ್ರೆ "ಸಾರ್ ಇದು ನ್ಯಾನೊ, ಮಾಮೂಲಿದಕ್ಕಿಂತ ಹತ್ತು ಪಟ್ಟು ಗಟ್ಟಿ" ಅಂದ್ನಲ್ಲ, ಆಗ ನಾನು ಕೇಳಿದೆ, ನ್ಯಾನೊ ಅಂದ್ರೆ ಯಾವುದಪ್ಪಾ, ನ್ಯಾನೊಟ್ಯೂಬೋ ಗ್ರಾಫೀನೋ ಇಲ್ಲಾ ಬರೀ ಕಾರ್ಬನ್ ಬ್ಲ್ಯಾಕೋ, ಎಷ್ಟು ಪರ್ಸೆಂಟ್ ಹಾಕಿದ್ದಾರೆ, ರೆಸಿನ್‌ಗೆ ಹೇಗೆ ಕಲಸ್ತಾರೆ? ಅವನಿಗೆ ಗೊತ್ತಿರ್ಲಿಲ್ಲ, ತಪ್ಪಿಲ್ಲ, ಮಾರೋ ಹುಡುಗನಿಗೆ ಇದೆಲ್ಲಾ ಯಾರು ಹೇಳಿಕೊಡ್ತಾರೆ. ಕಂಪನಿಯೋರಿಗೆ ಫೋನ್ ಹಚ್ಚಿ ಕೊಟ್ಟ, ಆ ಕಡೆಯವರು "ಮಲ್ಟಿವಾಲ್ ನ್ಯಾನೊಟ್ಯೂಬ್, ರೆಸಿನ್ ತೂಕದಲ್ಲಿ ಅರ್ಧ ಪರ್ಸೆಂಟ್" ಅಂದ್ರು. ಮಲ್ಟಿವಾಲ್ ಅಂದ್ರೆ ಒಂದರೊಳಗೊಂದು ಹಲವು ಗೋಡೆ ಇರೋದು. ಅದು ನಂಬೋ ಅಂಥ ಉತ್ತರ. ಐದು ಪರ್ಸೆಂಟು ಹತ್ತು ಪರ್ಸೆಂಟು ಅಂದಿದ್ರೆ ಅಲ್ಲೇ ಬಿಟ್ಟು ಬರ್ತಿದ್ದೆ.

ಈಗ ಒಳಗೇನಿದೆ ನೋಡಣ. ದೋಟಿ ಪೈಪು ಅಂದ್ರೆ ಎರಡು ವಸ್ತು. ಒಂದು ಕಾರ್ಬನ್ ಫೈಬರ್, ಅಂದ್ರೆ ಕಪ್ಪು ನೂಲು, ಒಂದೊಂದು ಎಳೆ 7 ಮೈಕ್ರಾನ್ ಆಸುಪಾಸು, ನಮ್ಮ ತಲೆಕೂದಲಿನ ಹತ್ತನೇ ಒಂದು ಭಾಗ ಅನ್ಕೊಳ್ಳಿ. ಇನ್ನೊಂದು ಆ ನೂಲುಗಳನ್ನ ಹಿಡಿದಿಟ್ಟಿರೋ ಎಪಾಕ್ಸಿ ರೆಸಿನ್. ಶಕ್ತಿಯೆಲ್ಲಾ ನೂಲಿಂದು, ನೂಲಿನ ಉದ್ದಕ್ಕೆ ಎಳೆದ್ರೆ ಜಪ್ಪಯ್ಯ ಅಂದ್ರೂ ಬಗ್ಗಲ್ಲ. ಆದ್ರೆ ನೂಲಿಗೂ ನೂಲಿಗೂ ಮಧ್ಯೆ, ಪದರಕ್ಕೂ ಪದರಕ್ಕೂ ಮಧ್ಯೆ ಇರೋದು ಬರೀ ರೆಸಿನ್, ಅದು ಗಾಜಿನ ಥರ ಪೆಡಸು ಸ್ವಭಾವದ್ದು, ಸಣ್ಣ ಬಿರುಕು ಬಿಟ್ರೆ ಸರ್ರ್ ಅಂತ ಓಡುತ್ತೆ. ಕಾರ್ಬನ್ ಪೈಪು ಹಾಳಾಗೋದು ಬಹುತೇಕ ಹೀಗೇ, ನೂಲು ತುಂಡಾಗಿ ಹೋಗೋದಕ್ಕಿಂತ ಮೊದ್ಲು ಪದರ ಬಿಡುತ್ತೆ, ಉದ್ದಕ್ಕೆ ಸೀಳುತ್ತೆ. ನ್ಯಾನೊಟ್ಯೂಬ್ ಹಾಕೋದು ಈ ರೆಸಿನ್‌ನ ಗಟ್ಟಿ ಮಾಡೋಕೆ.

ನ್ಯಾನೊಟ್ಯೂಬ್ ಅಂದ್ರೆ ಕಾರ್ಬನ್ ಪರಮಾಣುಗಳ ಹಾಳೆ ಸುರುಳಿ ಸುತ್ತಿದಂಗೆ ಇರೋ ಕೊಳವೆ, ಅಡ್ಡಗಲ ಹತ್ತಿಪ್ಪತ್ತು ನ್ಯಾನೊಮೀಟರ್ (ಒಂದು ಮೈಕ್ರಾನಿನ ಸಾವಿರದಲ್ಲೊಂದು ಭಾಗ ಒಂದು ನ್ಯಾನೊಮೀಟರ್), ಒಂದೇ ಗೋಡೆ ಇರೋದಾದ್ರೆ ಒಂದು ನ್ಯಾನೊಮೀಟರ್ ಅಷ್ಟೇ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಎಲೆಕ್ಟ್ರಾನ್ ಮೈಕ್ರೊಸ್ಕೋಪಲ್ಲಿ ಇವನ್ನ ಕಂಡು ಪ್ರಕಟಿಸಿದ ಮೇಲೆ ಇಡೀ ಪ್ರಪಂಚ ಇದರ ಹಿಂದೆ ಬಿತ್ತು, ಅದಕ್ಕೆ ಮುಂಚೆ 1952ರಲ್ಲೇ ರಷ್ಯಾದೋರು ಇಂಥ ಕಾರ್ಬನ್ ಕೊಳವೆಗಳ ಫೋಟೊ ಪ್ರಕಟಿಸಿದ್ರು, ಆಗ ಯಾರೂ ಅಷ್ಟು ಗಮನ ಕೊಡ್ಲಿಲ್ಲ. ಆ ಹಾಳೆಯನ್ನೇ ಸುತ್ತದೆ ಬಿಡಿಯಾಗಿ ತೆಗೆದ್ರೆ ಗ್ರಾಫೀನ್, ಅದನ್ನ ಮ್ಯಾಂಚೆಸ್ಟರ್‌ನಲ್ಲಿ ಗೈಮ್ ಮತ್ತೆ ನೊವೊಸೆಲೊವ್ 2004ರಲ್ಲಿ ಗ್ರಾಫೈಟ್ ಮೇಲೆ ಅಂಟು ಟೇಪ್ ಹಾಕಿ ಕಿತ್ತು ಕಿತ್ತು ತೆಗೆದು ತೋರಿಸಿದ್ರು, 2010ರಲ್ಲಿ ಇಬ್ರಿಗೂ ನೊಬೆಲ್ ಬಂತು. ಇವುಗಳ ಬಿಗಿ, ಅಂದ್ರೆ ಎಳೆದ್ರೂ ಬಾಗಿಸಿದ್ರೂ ಜಗ್ಗದ ಗುಣ, ಎಷ್ಟು ಅಂದ್ರೆ ಅದನ್ನ ಅಳೆಯೋ ಗಿಗಾಪ್ಯಾಸ್ಕಲ್ ಲೆಕ್ಕದಲ್ಲಿ ಉಕ್ಕು 200 ಆದ್ರೆ ಇವು 1000 ಹತ್ರ. ಎಪಾಕ್ಸಿ ಬರೀ 3. ಈ 1000 ಅನ್ನೋ ನಂಬರ್ ಹಿಡ್ಕೊಂಡೇ ಸೇಲ್ಸ್‌ನೋರು "ಉಕ್ಕಿಗಿಂತ ಗಟ್ಟಿ" ಅನ್ನೋದು, ಒಂದು ಕೊಳವೆಗೆ ಅದು ನಿಜ, ದೋಟಿಗೆ ಅಲ್ಲ.

ಕಾರ್ಬನ್ ಪುಡಿ ಹಾಕಿ ರಬ್ಬರ್ ಪ್ಲಾಸ್ಟಿಕ್ ಗಟ್ಟಿ ಮಾಡೋದು ಹೊಸ ವಿದ್ಯೆ ಅಂತ ಯಾರೂ ತಿಳ್ಕೋಬೇಡಿ. ನಿಮ್ಮ ಜೀಪಿನ ಟೈರ್ ಕಪ್ಪಗಿರೋದೇ ಅದರಿಂದ. ನೂರು ವರ್ಷಕ್ಕೂ ಹಿಂದೆ ಟೈರುಗಳು ಬಿಳಚಿಕೊಂಡಿದ್ವು, ಕಾರ್ಬನ್ ಬ್ಲ್ಯಾಕ್ ಅಂದ್ರೆ ಎಣ್ಣೆ ಅರ್ಧಂಬರ್ಧ ಸುಟ್ಟಾಗ ಬರೋ ಮಸಿ, ಅದನ್ನ ರಬ್ಬರಿಗೆ ಅರೆದು ಸೇರಿಸಿದ ಮೇಲೆ ಟೈರ್ ಸವೆಯೋದು ಎಷ್ಟೋ ಪಟ್ಟು ಕಮ್ಮಿ ಆಯ್ತು. ಆ ಮಸಿಯ ಮೂಲ ಕಣಗಳೂ ಕೆಲವು ಹತ್ತು ನ್ಯಾನೊಮೀಟರ್ ಅಳತೆಯವೇ, ಟೈರಿನ ತೂಕದಲ್ಲಿ ಹತ್ತಿರ ಹತ್ತಿರ ಕಾಲುಪಾಲು ಅದೇ ಇರುತ್ತೆ. ನಾನು ಲ್ಯಾಬಲ್ಲಿದ್ದಾಗ ದಿನಾ ಮಾಡಿದ ಕೆಲಸ ಅದು, ಮಸಿ ರಬ್ಬರಲ್ಲಿ ಸರಿಯಾಗಿ ಹರಡಿದೆಯಾ ಇಲ್ವಾ ಅಂತ ನೋಡೋದು. ಸರಿಯಾಗಿ ಹರಡದಿದ್ರೆ ಎಷ್ಟು ಹಾಕಿದ್ರೂ ಟೈರ್ ನಿಲ್ಲಲ್ಲ. ತೋಟದಲ್ಲಿ ನೀರಿಗೆ ಎಳೆದಿರೋ ಕಪ್ಪು ಎಚ್‌ಡಿಪಿಇ ಪೈಪಿದೆಯಲ್ಲ, ಅದರಲ್ಲೂ ಕಾರ್ಬನ್ ಬ್ಲ್ಯಾಕ್, ಐಎಸ್ 4984 ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ 2.5 ಪರ್ಸೆಂಟ್, ಅರ್ಧ ಆಚೀಚೆ ಇರಬಹುದು. ಅಲ್ಲಿ ಅದು ಬಿಸಿಲಿನ ಅಲ್ಟ್ರಾವಯಲೆಟ್ ತಡೆಯೋಕೆ, ಇಲ್ಲಾಂದ್ರೆ ಎರಡು ಬೇಸಿಗೆಗೆ ಪೈಪು ಪುಡಿಪುಡಿ.

ನ್ಯಾನೊಟ್ಯೂಬಿನ ತೊಂದರೆಯೂ ಅದೇ ಹರಡೋದ್ರಲ್ಲಿ, ಇನ್ನೂ ಜಾಸ್ತಿ. ಇಷ್ಟು ಸಣ್ಣ ವಸ್ತುವಿಗೆ ಮೈ ಬಹಳ ಇರುತ್ತೆ. ಒಂದು ಗ್ರಾಂ ಗ್ರಾಫೀನನ್ನ ಒಂದೊಂದೇ ಹಾಳೆಯಾಗಿ ಬಿಡಿಸಿ ಎರಡೂ ಮಗ್ಗುಲು ಲೆಕ್ಕ ಹಾಕಿದ್ರೆ 2630 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 26 ಗುಂಟೆ! ಒಂದು ಚಿಟಿಕೆ ಪುಡಿಯ ಒಳಗೆ ಮುಕ್ಕಾಲು ಎಕರೆಗೆ ಸ್ವಲ್ಪ ಕಮ್ಮಿ ಜಾಗ. ಅಷ್ಟೂ ಮೈಗೆ ರೆಸಿನ್ ಹಿಡ್ಕೊಂಡ್ರೆ ಒಳ್ಳೇದೇ, ಅದಕ್ಕೇ ಅರ್ಧ ಪರ್ಸೆಂಟಿಗೂ ಫಲ ಸಿಗೋದು. ಆದ್ರೆ ಅಷ್ಟೂ ಮೈ ಒಂದಕ್ಕೊಂದು ಅಂಟ್ಕೊಳ್ಳೋಕೂ ಕಾಯ್ತಾ ಇರುತ್ತೆ. ಬಿಸಿನೀರಿಗೆ ರಾಗಿ ಹಿಟ್ಟು ಒಮ್ಮೆಲೇ ಸುರಿದ್ರೆ ಗಂಟು ಕಟ್ಟುತ್ತಲ್ಲ, ಮೇಲೆ ಒದ್ದೆ ಒಳಗೆ ಒಣ ಹಿಟ್ಟು, ಅದೇ ಥರ ನ್ಯಾನೊಟ್ಯೂಬು ಗಂಟು ಕಟ್ಟುತ್ತೆ, ಗಂಟಿನ ಒಳಗೆ ರೆಸಿನ್ ಹೋಗಲ್ಲ. ಅಂಥ ಗಂಟು ಇದ್ರೆ ಬಿರುಕು ಅಲ್ಲಿಂದಲೇ ಶುರು ಆಗುತ್ತೆ, ಅಂದ್ರೆ ಹಾಕದೇ ಇದ್ದಿದ್ರೇ ವಾಸಿ. ಇದನ್ನ ಬಿಡಿಸೋಕೆ ಅಲ್ಟ್ರಾಸೌಂಡ್ ಕೊಟ್ಟು ಅಲುಗಿಸ್ತಾರೆ, ಇಲ್ಲಾ ಮೂರು ರೋಲರ್ ಇರೋ ಮಿಲ್ಲಲ್ಲಿ ಅರೀತಾರೆ. ಕೊಳವೆಯ ಮೈ ನುಣ್ಣಗಿರೋದ್ರಿಂದ ಆಸಿಡ್ ಟ್ರೀಟ್ಮೆಂಟ್ ಕೊಟ್ಟು ರೆಸಿನ್‌ಗೆ ಕೊಂಡಿ ಹಾಕೋ ಗುಂಪುಗಳನ್ನ ಅದರ ಮೇಲೆ ಕೂರಿಸೋದೂ ಉಂಟು. ಜಾಸ್ತಿ ಹಾಕಿದ್ರೆ ರೆಸಿನ್ ಅಂಟು ಅಂಟಾಗಿ ದಪ್ಪ ಆಗುತ್ತೆ, ನೂಲಿನ ಒಳಗೆ ಇಳಿಯಲ್ಲ, ಗಾಳಿ ಗುಳ್ಳೆ ಉಳಿಯುತ್ತೆ. ಅದಕ್ಕೇ ನಾನು ಹತ್ತು ಪರ್ಸೆಂಟ್ ಅಂದಿದ್ರೆ ಬಿಟ್ಟು ಬರ್ತಿದ್ದೆ ಅಂದಿದ್ದು.

ಈಗ ಬಾಗೋ ವಿಷ್ಯ. ಒಂದು ಲೆಕ್ಕ ಹಾಕಿ ತೋರಿಸ್ತೀನಿ, ಪೇಪರ್ ಪೆನ್ನು ಸಾಕು. ಪೈಪಲ್ಲಿ ನೂಲು ಉದ್ದಕ್ಕೇ ಓಡಿದೆ, ನೂಲು ನೂರಕ್ಕೆ 60 ಪಾಲು ರೆಸಿನ್ 40 ಪಾಲು ಅಂತ ಇಟ್ಕೊಳ್ಳಿ. ಸಾಮಾನ್ಯ ಕಾರ್ಬನ್ ನೂಲಿನ ಬಿಗಿ 230 ಗಿಗಾಪ್ಯಾಸ್ಕಲ್, ಅದರ 60 ಪಾಲು 138. ಎಪಾಕ್ಸಿ 3ರ 40 ಪಾಲು 1.2. ಒಟ್ಟು 139.2. ಈಗ ನ್ಯಾನೊ ಹಾಕಿ ರೆಸಿನ್ ಬಿಗಿ ನೂರಕ್ಕೆ ಇಪ್ಪತ್ತು ಜಾಸ್ತಿ ಆಯ್ತು, 3.6 ಆಯ್ತು ಅಂತಾನೇ ಒಪ್ಕೊಳ್ಳಣ, ಅದು ಒಳ್ಳೇ ಫಲಿತಾಂಶವೇ. ಒಟ್ಟು ಎಷ್ಟಾಯ್ತು? 139.44. ಸಾವಿರಕ್ಕೆ ಎರಡು ಕೂಡ ಏರ್ಲಿಲ್ಲ. ಹತ್ತು ಪಟ್ಟು ಎಲ್ಲಿಂದ ಬಂತು?

ಲೆಕ್ಕ ಬಿಡಿ, ಕಣ್ಣಾರೆ ನೋಡಣ ಅಂತ ಪಕ್ಕದ ತೋಟದೋರ ಹತ್ರ ಅದೇ ಕಂಪನಿಯ ಅದೇ ಅಳತೆಯ ಮಾಮೂಲಿ ದೋಟಿ ಇತ್ತು, ಇಬ್ರೂ ಸೇರಿ ಎರಡರಿಂದಲೂ ಕೆಳಗಿಂದ ಮೂರನೇ ಪೈಪು ಬಿಚ್ಚಿ, ಎರಡು ಸ್ಟೂಲ್ ಮೇಲೆ ಆ ತುದಿ ಈ ತುದಿ ಇಟ್ಟು, ನಡುಮಧ್ಯದಲ್ಲಿ ಹತ್ತು ಲೀಟರ್ ನೀರಿನ ಕ್ಯಾನ್ ನೇತು ಹಾಕಿ, ದಾರ ಎಳೆದು ಸ್ಕೇಲಲ್ಲಿ ಅಳೆದ್ವಿ. ಎರಡೂ ಒಂದೇ ಸಮ ಬಾಗಿದ್ವು, ಸ್ಕೇಲಲ್ಲಿ ಹಿಡಿಯೋ ಅಷ್ಟು ವ್ಯತ್ಯಾಸ ಸಿಗಲೇ ಇಲ್ಲ. ದೋಟಿ ಮೇಲೆ ಓಲಾಡೋದು ಕಮ್ಮಿ ಆಗ್ಬೇಕು ಅಂದ್ರೆ ನೋಡಬೇಕಾದ್ದು ಪೈಪಿನ ಸುತ್ತಳತೆ, ತೆಳು ಗೋಡೆಯ ಪೈಪಲ್ಲಿ ಬಾಗದೇ ನಿಲ್ಲೋ ಗುಣ ವ್ಯಾಸದ ಘನದ ಹಾಗೆ ಏರುತ್ತೆ, ಗೋಡೆ ದಪ್ಪ ಅಷ್ಟೇ ಇದ್ದು ವ್ಯಾಸ ನೂರಕ್ಕೆ ಹತ್ತು ದೊಡ್ಡದಾದ್ರೆ ಬಿಗಿ ಮೂವತ್ತಮೂರು ಪರ್ಸೆಂಟ್ ಜಾಸ್ತಿ. ಆಮೇಲೆ ನೂಲು ಯಾವ ದಿಕ್ಕಿಗೆ ಸುತ್ತಿದ್ದಾರೆ ಅನ್ನೋದು. ಅಂಗಡೀಲಿ ಕಣ್ಣಿಗೆ ಕಾಣೋ ಚೆಕ್ಸ್ ಚೆಕ್ಸ್ ಬಟ್ಟೆ ಡಿಸೈನ್ ಮೇಲಿನ ಒಂದು ಪದರ ಮಾತ್ರ, ಒಳಗೆ ಉದ್ದಕ್ಕೆ ಓಡಿರೋ ನೂಲಿನ ಪದರ ಎಷ್ಟಿದೆ ಅಂತ ಕೇಳಿ. ಆ ಡಿಸೈನ್ ನೋಡಿ ಮಾರು ಹೋಗ್ಬೇಡಿ.

ಹಾಗಾದ್ರೆ ನ್ಯಾನೊ ಎಲ್ಲಿ ಕೆಲಸ ಮಾಡಿದೆ ಅಂದ್ರೆ, ಪೈಪಿನ ಬಾಯಲ್ಲಿ. ದೋಟಿ ಬಳಸಿದೋರಿಗೆಲ್ಲಾ ಗೊತ್ತಿರುತ್ತೆ, ಮೊದ್ಲು ಹಾಳಾಗೋ ಜಾಗ ಕ್ಲಾಂಪ್ ಕೂರೋ ಬಾಯಿ. ಮೇಲಿನ ಪೈಪು ಒಳಗಿಂದ ಸನ್ನೆ ಹಾಕಿದಂಗೆ ಒತ್ತುತ್ತೆ, ಕ್ಲಾಂಪು ಹೊರಗಿಂದ ಹಿಸುಕುತ್ತೆ, ಅಲ್ಲಿ ಬೀಳೋ ಬಲ ನೂಲಿಗೆ ಅಡ್ಡ, ನೂಲು ತಡೆಯಲ್ಲ, ರೆಸಿನ್ನೇ ತಡೀಬೇಕು. ಬಿರುಕು ಬಾಯಿ ತೆರೆಯೋಕೆ ಹೋದಾಗ ನ್ಯಾನೊಟ್ಯೂಬುಗಳು ಆ ದಡದಿಂದ ಈ ದಡಕ್ಕೆ ಅಡ್ಡ ಹಿಡ್ಕೊಂಡಿರ್ತವೆ, ಅವನ್ನ ರೆಸಿನ್‌ನಿಂದ ಎಳೆದು ಕೀಳೋಕೆ ಬಲ ಖರ್ಚಾಗುತ್ತೆ, ಬಿರುಕು ಮುಂದೆ ಓಡೋದು ನಿಧಾನ ಆಗುತ್ತೆ. ಪಕ್ಕದ ತೋಟದೋರ ದೋಟಿಯಲ್ಲಿ ಎರಡನೇ ಮಳೆಗಾಲಕ್ಕೆ ಒಂದು ಪೈಪಿನ ಬಾಯಿಂದ ಕೂದಲೆಳೆಯಷ್ಟು ಸೀಳು ಶುರುವಾಗಿ ಗೇಣುದ್ದ ಇಳಿದಿದೆ. ನನ್ನದ್ರಲ್ಲಿ ಅದೇ ಜಾಗದಲ್ಲಿ ಅಂಚು ಸ್ವಲ್ಪ ಚಕ್ಕೆ ಎದ್ದಿದೆ, ಆದ್ರೆ ಸೀಳು ಇಳಿದಿಲ್ಲ. ಒಂದೊಂದೇ ದೋಟಿ ಹೋಲಿಸಿ ಇದೇ ಸತ್ಯ ಅಂತ ಸಾಧಿಸಕ್ಕಾಗಲ್ಲ, ಅವ್ರ ತೋಟದಲ್ಲಿ ಕೆಲಸದೋರು ಕ್ಲಾಂಪ್ ಇನ್ನೂ ಬಿಗಿಯಾಗಿ ತಿರುಗಿಸಿರಬಹುದು, ಆದ್ರೆ ಇದು ವಸ್ತುವಿನ ಸ್ವಭಾವಕ್ಕೆ ಹೊಂದೋ ಫಲಿತಾಂಶ, ಅದಕ್ಕೆ ನಾನು ನಂಬ್ತೀನಿ.

ಸೀಳು ಕಣ್ಣಿಗೆ ಕಾಣೋ ಮುಂಚೆನೇ ಹಿಡಿಯೋಕೆ ಒಂದು ಸುಲಭದ ದಾರಿ ಇದೆ, ವಿಮಾನ ರಿಪೇರಿ ಮಾಡೋರೂ ಇದನ್ನ ಮಾಡ್ತಾರೆ. ಒಂದು ರೂಪಾಯಿ ಐದು ರೂಪಾಯಿ ನಾಣ್ಯ ತಗೊಂಡು ಪೈಪಿನ ಮೇಲೆ ಬೆರಳಗಲಕ್ಕೊಂದರಂತೆ ಟಕ್ ಟಕ್ ಅಂತ ತಟ್ತಾ ಬನ್ನಿ. ಚೆನ್ನಾಗಿರೋ ಕಡೆ ಕಣ್ ಕಣ್ ಅಂತ ಚುರುಕಾದ ಸದ್ದು, ಒಳಗೆ ಪದರ ಬಿಟ್ಟಿರೋ ಕಡೆ ಬೊದ್ ಅಂತ ಮೊಂಡು ಸದ್ದು. ಪಕ್ಕದೋರ ಪೈಪಲ್ಲಿ ಕಾಣೋ ಸೀಳು ಗೇಣುದ್ದ, ಆದ್ರೆ ಮೊಂಡು ಸದ್ದು ಅದಕ್ಕಿಂತ ನಾಕು ಬೆರಳು ಕೆಳಗಿನ ತನಕ ಬಂತು. ಹೊಸಾ ದೋಟಿ ತಗೊಳ್ಳೋವಾಗ ಅಂಗಡೀಲೇ ಎಲ್ಲಾ ಪೈಪಿನ ಬಾಯಿ ಹೀಗೆ ತಟ್ಟಿ ನೋಡಿ, ಅಂಗಡಿಯೋರು ಏನಾದ್ರೂ ಅನ್ಕೊಳ್ಲಿ.

ಬಳಕೆ ಹೇಗಿದೆ ಅಂದ್ರೆ, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸೋ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆಯೋಕೆ ಇದು ವರ. ಜೂನ್‌ನಲ್ಲಿ ಒಂದು ಸಲ, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ, ಮಳೆ ಬಿಡುವು ಕೊಟ್ಟಾಗ ಹೊಡೀಬೇಕು, ಆ ಬಿಡುವು ಯಾವಾಗ ಬರುತ್ತೋ ಯಾರಿಗೂ ಗೊತ್ತಿರಲ್ಲ, ಪಾಚಿ ಕಟ್ಟಿ ಜಾರೋ ಮರಕ್ಕೆ ಮನುಷ್ಯನ್ನ ಹತ್ತಿಸೋಕೆ ಮನಸ್ಸಾದ್ರೂ ಹೇಗೆ ಬರುತ್ತೆ. ಮೊದ್ಲಿನ ಹಾಗೆ ಕೊನೆಗಾರರು, ಅಂದ್ರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯೋರು, ಸಿಗೋದೂ ಇಲ್ಲ, ಸಿಕ್ಕೋರು ವಯಸ್ಸಾದೋರು. ನಮ್ಮಲ್ಲಿಗೆ ಬರೋ ಕೊನೆಗಾರರಿಗೆ ಮೊದ್ಲು ದೋಟಿ ಮೇಲೆ ನಂಬಿಕೆ ಇರ್ಲಿಲ್ಲ, ಈಗ ಅವ್ರೇ "ಗೌಡ್ರೇ, ನಾನು ಕೆಳಗೇ ನಿಂತ್ಕೊಂಡು ಹೊಡೀತೀನಿ, ಮನೇಲಿ ಹೆಂಡ್ತೀನೂ ಮರ ಹತ್ಬೇಡಿ ಅಂತಾಳೆ" ಅಂತಾರೆ. ಅವ್ರು ಮರ ಹತ್ತದೇ ಕೆಲಸ ಮುಗಿಸಿ ಸಂಜೆ ಮನೆಗೆ ಹೋಗ್ತಾರಲ್ಲ, ನನಗೆ ಈ ದೋಟಿಯ ಬೆಲೆ ಅಲ್ಲೇ ವಸೂಲಾಗಿದೆ.

ಕೊಯ್ಲಿಗೆ ಅಷ್ಟು ಸುಲಭ ಇಲ್ಲ. ಕತ್ತಿಯನ್ನ ಕೊನೆಯ (ಅಡಿಕೆ ಗೊನೆಯ) ಬುಡಕ್ಕೆ ಸಿಕ್ಕಿಸಿ ಎಳೀಬೇಕು, ಕೊನೆ ಬೀಳೋ ಕಡೆ ಇಬ್ರು ಟಾರ್ಪಾಲ್ ಹಿಡಿದು ನಿಲ್ಲಬೇಕು, ಕತ್ತು ಎತ್ತಿ ಎತ್ತಿ ಸಂಜೆಗೆ ಕುತ್ತಿಗೆ ಹಿಡ್ಕೊಳ್ಳುತ್ತೆ. ಗಾಳಿ ಇದ್ರೆ ಐವತ್ತು ಅಡಿ ಮೇಲೆ ಗುರಿ ಸಿಗಲ್ಲ. ಹೊಸಬರಿಗೆ ಕೈ ಪಳಗೋಕೆ ಒಂದು ಕೊಯ್ಲು ಬೇಕು.

ಈಗ ಕರೆಂಟು. ದಯವಿಟ್ಟು ಗಮನ ಇಟ್ಟು ಓದಿ. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ಬಿದಿರಿನ ಗಳ ಅಲ್ಲ ಇದು, ಒಣ ಮರದ ಕೋಲೂ ಅಲ್ಲ. ನೋಡೋಕೆ ಪ್ಲಾಸ್ಟಿಕ್ ಥರ ಇದೆ ಅಂತ ಯಾರೂ ಮೋಸ ಹೋಗ್ಬೇಡಿ, 11 ಕೆವಿ (11 ಸಾವಿರ ವೋಲ್ಟ್) ಲೈನಿಗೆ ತಾಗಿದ್ರೆ, ತಾಗೋದೇನು ತೀರಾ ಹತ್ರ ಹೋದ್ರೂ ಸಾಕು, ಕೆಳಗೆ ಒದ್ದೆ ನೆಲದ ಮೇಲೆ ನಿಂತಿರೋ ಮನುಷ್ಯನ ಜೀವ ಹೋಗುತ್ತೆ. ಇದರಲ್ಲಿ ನ್ಯಾನೊ ಏನೂ ರಕ್ಷಣೆ ಕೊಡಲ್ಲ, ಬದಲಿಗೆ ಇನ್ನೊಂದು ವಿಷ್ಯ ಇದೆ. ಎಪಾಕ್ಸಿ ಬರೀದಾಗಿದ್ರೆ ಅದು ಕರೆಂಟ್ ತಡೆಯುತ್ತೆ, ಆದ್ರೆ ನ್ಯಾನೊಟ್ಯೂಬುಗಳು ಒಂದು ಪರ್ಸೆಂಟಿಗಿಂತ ಎಷ್ಟೋ ಕಮ್ಮಿ ಇದ್ರೂ ಒಂದಕ್ಕೊಂದು ತಾಗಿ ಬಲೆ ಕಟ್ಟಿ ರೆಸಿನ್ ಒಳಗೂ ಕರೆಂಟ್ ಹರಿಯೋ ದಾರಿ ಮಾಡ್ತವೆ. ಫ್ಯಾಕ್ಟರಿಗಳಲ್ಲಿ ಸ್ಟ್ಯಾಟಿಕ್ ಕರೆಂಟ್ ಕೂರಬಾರದ ಪ್ಲಾಸ್ಟಿಕ್ ಮಾಡೋಕೆ ಬೇಕಂತಲೇ ಇದನ್ನ ಹಾಕ್ತಾರೆ. ಆದ್ದರಿಂದ "ಮೇಲೆ ರೆಸಿನ್ ಕೋಟಿಂಗ್ ಇದೆ, ಏನಾಗಲ್ಲ" ಅಂತ ಅಂಗಡೀಲಿ ಯಾರಾದ್ರೂ ಅಂದ್ರೆ ಆ ಮಾತು ನಂಬ್ಲೇಬೇಡಿ. ಕೆಲವು ದೋಟಿಗಳಲ್ಲಿ ಕೈ ಹಿಡಿಯೋ ಬುಡದ ಪೈಪು ಫೈಬರ್ ಗ್ಲಾಸಿಂದು ಇರುತ್ತೆ, ಅದು ಒಳ್ಳೇದು, ಅಂಥದ್ದೇ ತಗೊಳ್ಳಿ, ಆದ್ರೆ ಅದು ಒದ್ದೆ ಆದ್ರೆ, ಬೋರ್ಡೋ ಇಳಿದು ಮೆತ್ಕೊಂಡ್ರೆ, ಅದನ್ನೂ ನೆಚ್ಚಿಕೊಳ್ಳಕ್ಕಾಗಲ್ಲ. ಔಷಧಿ ಪೈಪಿನ ಒಳಗಿನ ದ್ರಾವಣವೂ ವಾಹಕವೇ. ಲೈನ್ ಹಾದಿರೋ ಸಾಲಿನ ಮರಗಳಿಗೆ ನಾನು ದೋಟಿ ಎತ್ತೋದೇ ಇಲ್ಲ, ನಮ್ಮ ಕಡೆ ಕರೆಂಟ್ ಕೊಡೋ ಮೆಸ್ಕಾಂ ಕಂಪನಿಯ ಸೆಕ್ಷನ್ ಆಫೀಸಿಗೆ ಹೇಳಿ, ಇಲ್ಲಾ 1912ಗೆ ಫೋನ್ ಮಾಡಿ, ಲೈನ್ ಆಫ್ ಆಗಿದೆ ಅಂತ ಲೈನ್‌ಮನ್ ಬಂದು ಹೇಳಿದ ಮೇಲೆ ಮಾತ್ರ. ದೋಟಿಯನ್ನ ಪೂರ್ತಿ ಎತ್ತಿ ಹಿಡ್ಕೊಂಡು ಮರದಿಂದ ಮರಕ್ಕೆ ನಡೆಯೋದೂ ಬೇಡ, ಇಳಿಸ್ಕೊಂಡು ನಡೀರಿ. ಕೆಲಸದೋರಿಗೂ ಇದನ್ನ ಬಾಯಿಬಿಟ್ಟು ಹೇಳಿ, ಅವ್ರಿಗೆ ಯಾರೂ ಹೇಳಿರಲ್ಲ. ನನ್ನ ದೋಟಿ ಮೇಲೆ ನ್ಯಾನೊ ಅಂತ ದೊಡ್ಡದಾಗಿ ಬರ್ದಿದೆ, ಕರೆಂಟ್ ಎಚ್ಚರಿಕೆ ಉಗುರಿನಷ್ಟು ಸಣ್ಣ ಅಕ್ಷರದಲ್ಲಿ ಇಂಗ್ಲಿಷಲ್ಲಿದೆ. ಇದಕ್ಕೆ ನನಗೆ ನಿಜವಾಗ್ಲೂ ಸಿಟ್ಟಿದೆ. ನಾನು ಕೆಂಪು ಪೇಂಟಲ್ಲಿ ಕನ್ನಡದಲ್ಲಿ ಬುಡದ ಪೈಪಿನ ಮೇಲೆ ಬರೆಸಿದ್ದೀನಿ.

ಕ್ಲಾಂಪುಗಳ ಬಗ್ಗೆ ದೂರಿದೆ. ಮೊದಲನೇ ಮಳೆಗಾಲ ಮುಗಿಯೋ ಹೊತ್ತಿಗೆ ಅಲ್ಯೂಮಿನಿಯಂ ಕ್ಲಾಂಪಿನ ಒಳಮೈಯಲ್ಲಿ, ಸರಿಯಾಗಿ ಪೈಪಿಗೆ ತಾಗೋ ಕಡೆ, ಬಿಳೀ ಪುಡಿ ಎದ್ದು ಸಣ್ಣ ಸಣ್ಣ ತೂತು ಬಿದ್ದಿದ್ವು. ಹೊರಮೈ ಚೆನ್ನಾಗೇ ಇತ್ತು. ಇದು ಬರೀ ಮಳೆನೀರಿನ ಕೆಲಸ ಅಲ್ಲ. ಕಾರ್ಬನ್ನೂ ಅಲ್ಯೂಮಿನಿಯಮ್ಮೂ ಒದ್ದೆಯಲ್ಲಿ ತಾಗ್ಕೊಂಡಿದ್ರೆ ಅದೊಂದು ಸಣ್ಣ ಬ್ಯಾಟರಿ ಆಗ್ಬಿಡುತ್ತೆ, ತಿಂದು ಹೋಗೋದು ಅಲ್ಯೂಮಿನಿಯಂ. ಮೇಲಿಂದ ಬೋರ್ಡೋದಲ್ಲಿರೋ ತಾಮ್ರ ಬೇರೆ, ತಾಮ್ರ ಅಲ್ಯೂಮಿನಿಯಂ ಮೇಲೆ ಕೂತ್ರೆ ಅಲ್ಲೂ ಅದೇ ಕಥೆ. ಔಷಧಿ ಹೊಡೆಯೋಕೇ ಅಂತ ಮಾರೋ ದೋಟಿಗೆ ಕಂಪನಿಯೋರು ಮಧ್ಯೆ ಒಂದು ನೈಲಾನ್ ಬುಷ್ ಕೊಡ್ಬೇಕಿತ್ತು, ಅಷ್ಟು ಖರ್ಚಿನ ಬಾಬತ್ತೇನೂ ಅಲ್ಲ. ಈಗ ನಾನು ಪ್ರತಿ ದಿನ ಕೆಲಸ ಮುಗಿದ ಮೇಲೆ ಎಲ್ಲಾ ಪೈಪು ಬಿಚ್ಚಿ ಒಳ್ಳೇ ನೀರಲ್ಲಿ ತೊಳೆಸ್ತೀನಿ, ಕ್ಲಾಂಪಿನ ಒಳಗೆ ತೆಳು ಪ್ಲಾಸ್ಟಿಕ್ ಪಟ್ಟಿ ಸುತ್ತಿದ್ದೀನಿ, ಆಮೇಲೆ ಪುಡಿ ಏಳೋದು ಬಹಳ ಕಮ್ಮಿ ಆಗಿದೆ. ತೊಳೆದ ಮೇಲೆ ನೆರಳಲ್ಲಿ ಒಣಗಿಸಿ. ಎಪಾಕ್ಸಿಗೆ ಬಿಸಿಲು ಆಗಲ್ಲ, ವರ್ಷಗಟ್ಲೆ ಅಂಗಳದಲ್ಲಿ ಬಿದ್ದಿದ್ರೆ ಮೇಲಿನ ಪದರ ಹಳದಿ ಆಗಿ ಸುಣ್ಣದ ಥರ ಉದುರೋಕೆ ಶುರು ಆಗುತ್ತೆ, ನ್ಯಾನೊ ಇದೆ ಅಂತ ಅದು ಪೂರ್ತಿ ತಪ್ಪಲ್ಲ.

ಪೈಪು ಸೀಳಿದ್ರೆ ಮನೇಲೇ ರಿಪೇರಿ ಮಾಡಬಹುದು, ಸೀಳಿನ ಆಸುಪಾಸು ನೀರು ಹಾಕ್ಕೊಂಡು ಉಜ್ಜಿ, ಪೂರ್ತಿ ಒಣಗಿಸಿ, ಗ್ಲಾಸ್ ಫೈಬರ್ ಬಟ್ಟೆ ಸುತ್ತಿ ಎಪಾಕ್ಸಿ ಹಚ್ಚೋದು. ಒಣದಾಗಿ ಉಜ್ಜಬೇಡಿ, ಗರಗಸ ಹಾಕೋದಿದ್ರೂ ಒಳ್ಳೇ ಮಾಸ್ಕ್ ಕಟ್ಕೊಳ್ಳಿ, ಬಟ್ಟೆ ಮಾಸ್ಕ್ ಸಾಲಲ್ಲ. ಕಾರ್ಬನ್ ನೂಲಿನ ಚೂರು ಕೈಗೆ ಚುಚ್ಚಿದ್ರೆ ಮುಳ್ಳಿಗಿಂತ ಕಷ್ಟ, ಕಾಣೋದೇ ಇಲ್ಲ. ಇನ್ನು ಕೆಲವರು ನನ್ನ ಕೇಳಿದ್ರು, ನ್ಯಾನೊಟ್ಯೂಬ್ ಪುಡಿ ಆನ್‌ಲೈನಲ್ಲಿ ಗ್ರಾಂ ಲೆಕ್ಕದಲ್ಲಿ ಸಿಗುತ್ತಂತಲ್ಲ, ತರಿಸಿ ಎಪಾಕ್ಸಿಗೆ ಕಲಸಿ ಹಚ್ಚಿದ್ರೆ ಹೇಗೆ ಅಂತ. ಬೇಡ್ವೇ ಬೇಡ. ಕೈಯಲ್ಲಿ ಕಲಸಿದ್ರೆ ಗಂಟು ಬಿಡಲ್ಲ, ಅದು ಮೇಲೆ ಹೇಳಿದ್ದೀನಿ. ಅದಕ್ಕಿಂತ ಮುಖ್ಯ, ಆ ಪುಡಿ ಗಾಳೀಲಿ ಹಾರುತ್ತೆ, ಶ್ವಾಸಕೋಶಕ್ಕೆ ಇಳಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2014ರಲ್ಲಿ ಎಂಡಬ್ಲ್ಯುಸಿಎನ್‌ಟಿ-7 ಅನ್ನೋ ಒಂದು ಬಗೆಯ ಮಲ್ಟಿವಾಲ್ ನ್ಯಾನೊಟ್ಯೂಬನ್ನ ಕ್ಯಾನ್ಸರ್ ತರಬಹುದಾದ ವಸ್ತುಗಳ 2ಬಿ ಗುಂಪಿಗೆ ಸೇರಿಸಿದೆ. ರೆಸಿನ್ ಒಳಗೆ ಗಟ್ಟಿಯಾಗಿ ಕೂತಿರೋದ್ರಿಂದ ದೋಟಿ ಹಿಡಿಯೋರಿಗೆ ಭಯ ಇಲ್ಲ, ಪುಡಿ ರೂಪದಲ್ಲಿ ಮನೆಗೆ ತರೋದು ಮಾತ್ರ ಬೇಡ.

ಅಂಗಡಿ ಸರ್ವೀಸ್‌ಗೆ ಐದಕ್ಕೆ ಎರಡು ಅಷ್ಟೇ ಕೊಡ್ತೀನಿ. ಮಾರೋವಾಗ ಇದ್ದ ಉತ್ಸಾಹ ಕ್ಲಾಂಪ್ ಬದಲಾಯಿಸೋವಾಗ ಇರ್ಲಿಲ್ಲ, ಸ್ಪೇರ್ ಸ್ಟಾಕ್ ಇಲ್ಲ, ಬರುತ್ತೆ ಬರುತ್ತೆ ಅಂತ ಹೇಳಿ ಹೇಳಿ ಎರಡನೇ ಸಿಂಪಡಣೆಯ ಹೊತ್ತು ಮೀರೋಕೆ ಬಂತು, ಕೊನೆಗೆ ಪಕ್ಕದ ತೋಟದೋರ ದೋಟಿ ಎರವಲು ತಂದು ಕೆಲಸ ಮುಗಿಸ್ದೆ. ಅಡಿಕೆಯಲ್ಲಿ ಹತ್ತು ದಿನ ತಡ ಆದ್ರೆ ಕೊಳೆ ಕಾಯಲ್ಲ, ಇದು ಅಂಗಡಿಯೋರಿಗೆ ಗೊತ್ತಿಲ್ಲದ್ದೇನಲ್ಲ. ದೋಟಿಗೆ ಐದಕ್ಕೆ ನಾಕೂವರೆ, ನ್ಯಾನೊ ಅನ್ನೋ ಜಾಸ್ತಿ ದುಡ್ಡಿಗೆ ಐದಕ್ಕೆ ಮೂರು.

ತಗೊಳ್ಳೋರಿಗೆ ಇಷ್ಟು ಹೇಳ್ತೀನಿ. ಮನೆಯೋರೇ ಜೋಪಾನವಾಗಿ ಬಳಸೋ ಸಣ್ಣ ತೋಟ ಆದ್ರೆ ಮಾಮೂಲಿ ಕಾರ್ಬನ್ ದೋಟಿ ತಗೊಂಡು ಉಳಿದ ಒಂಬತ್ತು ಸಾವಿರಕ್ಕೆ ಬುಡಕ್ಕೆ ಫೈಬರ್ ಗ್ಲಾಸ್ ಪೈಪು, ಒಂದು ಸೆಟ್ ಸ್ಪೇರ್ ಕ್ಲಾಂಪು ತಗೊಳ್ಳಿ. ಬಾಡಿಗೆಗೆ ಕೊಡೋರು, ತೋಟದಿಂದ ತೋಟಕ್ಕೆ ಪಿಕಪ್ಪಲ್ಲಿ ಹಾಕ್ಕೊಂಡು ಹೋಗಿ ದಿನಾ ಬಿಚ್ಚಿ ಕಟ್ಟೋರು, ಹತ್ತಾರು ಕೈ ಬದಲಾಗೋ ಕಡೆ ಬಳಸೋರು ನ್ಯಾನೊದಕ್ಕೆ ಹೋಗಿ, ಬಾಯಿ ಸೀಳೋದು ತಡ ಆಗುತ್ತೆ, ದುಡ್ಡು ವಾಪಸ್ ಬರುತ್ತೆ, ಆದ್ರೆ ಯಾವ ಕಾರ್ಬನ್, ಎಷ್ಟು ಪರ್ಸೆಂಟ್ ಅಂತ ಬಿಲ್ ಮೇಲೆ ಬರೆಸ್ಕೊಳ್ಳಿ. ಮರ 45 ಅಡಿ ಒಳಗಿದ್ರೆ 60 ಅಡಿದು ಬೇಡ, 50 ಸಾಕು, ಮೇಲಿನ ಸಣ್ಣ ಪೈಪು ಒಂದು ಕಮ್ಮಿ ಆದ್ರೂ ಓಲಾಡೋದು ಎಷ್ಟೋ ಕಮ್ಮಿ ಆಗುತ್ತೆ. ಸಬ್ಸಿಡಿ ಬೇಕು ಅನ್ನೋರು ಬಿಲ್ ಮಾಡಿಸೋ ಮುಂಚೆನೇ ತಾಲೂಕು ತೋಟಗಾರಿಕೆ ಇಲಾಖೆಗೆ ಹೋಗಿ ಕೇಳಿ, ತಗೊಂಡ ಮೇಲೆ ಹೋದ್ರೆ ಅರ್ಜಿ ಹಿಡಿಯೋದು ಕಷ್ಟ.